ಚಾಚಿದ ಕಾಲ ಮೇಲೆ ಎಳೆಗೂಸು

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ, ಅರಕಲಗೂಡು ಕಡೆಯ ಬಾಣಂತಿ ಮನೆಗಳಲ್ಲಿ ಕೂಸಿಗೆ ನೀರು ಹಾಕುವ ಅಜ್ಜಿಯರ ಕೈಚಳಕ ನೋಡಬೇಕು. ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಕೂಸನ್ನು ಅವುಗಳ ಮೇಲೆ ಮಲಗಿಸಿಕೊಳ್ಳುತ್ತಾರೆ. ಬೆಚ್ಚಗಿನ ಕೊಬ್ಬರಿ ಎಣ್ಣೆಯೋ ಹರಳೆಣ್ಣೆಯೋ ಎದೆಯಿಂದ ಭುಜಕ್ಕೆ, ಭುಜದಿಂದ ಬೆರಳ ತುದಿಗೆ ಇಳಿಯುತ್ತದೆ. ಆಮೇಲೆ ಬಲಗೈಯನ್ನು ಎಡಗಾಲಿಗೆ, ಎಡಗೈಯನ್ನು ಬಲಗಾಲಿಗೆ ಮುಟ್ಟಿಸುವ ಆಟ. ಮುಂದೆ ಅಂಬೆಗಾಲಿಡುವಾಗ ಮಗುವಿಗೆ ಬೇಕಾಗುವುದೂ ಇದೇ ಓರೆ ಜೋಡಿ.

ಕೂಸು ಬೆಚ್ಚಿ ಎರಡೂ ಕೈ ಅಗಲಿಸಿತೋ, ಅಜ್ಜಿ ಅದರ ಎದೆಯ ಮೇಲೆ ಅಂಗೈ ಊರಿ ಸುಮ್ಮನೆ ಕಾಯುತ್ತಾರೆ. ಹುಟ್ಟಿನಿಂದಲೇ ಬರುವ ಈ ಬೆಚ್ಚು ಸಾಮಾನ್ಯವಾಗಿ ಆರು ತಿಂಗಳೊಳಗೆ ಮಾಯ. ಆಘಾತ ಕಂಡ ದೊಡ್ಡವರ ಮೈಯಲ್ಲಿ ಮಾತ್ರ ಬೇರೊಂದು ಬಗೆಯ ಬೆಚ್ಚು ಬೀಡುಬಿಟ್ಟಿರುತ್ತದೆ: ಬಿಗಿದ ಭುಜ, ಅರ್ಧಕ್ಕೇ ನಿಂತ ಉಸಿರು. ದೇಹದ ಮೂಲಕ ಚಿಕಿತ್ಸೆ ಕೊಡುವವರು ನಡೆದ ಕಥೆ ಕೇಳುವ ಮೊದಲೇ ಇವನ್ನು ಗಮನಿಸುತ್ತಾರೆ. ಪಾದ ನೆಲಕ್ಕೂರಿಸಿ, ಉಸಿರು ಸಡಿಲವಾಗಲಿ ಎಂದು ಅವರೂ ಕಾಯುತ್ತಾರೆ. ಅವಸರ ಮಾಡದ ಈ ಕಾಯುವಿಕೆಯೇ ನನಗೆ ಎರಡೂ ಕಡೆ ಹಿಡಿಸಿದ್ದು.

ಕೂಸಿನ ಮೈ ನೀವುವುದರ ಫಲವನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಟಿಫನಿ ಫೀಲ್ಡ್ ಅವರ ತಂಡ ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ದಿನಕ್ಕೆ ಮೂರು ಸಲ, 15 ನಿಮಿಷದಂತೆ 10 ದಿನ ಮೈ ನೀವಿತು. ಅವು ಉಳಿದವಕ್ಕಿಂತ ಶೇ 47ರಷ್ಟು ಹೆಚ್ಚು ತೂಕ ಗಳಿಸಿದ್ದನ್ನು 1986ರಲ್ಲಿ ವರದಿ ಮಾಡಿತು. ಅಂದಹಾಗೆ ಮೂಗಿಗೆ, ಕಿವಿಗೆ ಎಣ್ಣೆ ಬಿಡುವ ರೂಢಿ ಬೇಡವೇ ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಪಾಯ.

ಫ್ರಾನ್ಸಿನ ವೈದ್ಯ ಲೆಬೊಯೆ ಕೋಲ್ಕತ್ತದ ತಾಯಿಯೊಬ್ಬಳ ಇಂಥದೇ ಕೈಕೆಲಸ ಕಂಡು 1976ರಲ್ಲಿ ಪುಸ್ತಕ ತಂದ. ಹೆಸರು ‘ಶಾಂತಲಾ’. ಹಾಸನದವರು ಹಿಗ್ಗಬೇಕಿಲ್ಲ, ಅದು ಆ ತಾಯಿಯ ಹೆಸರು, ನಮ್ಮ ಬೇಲೂರಿನ ಹೊಯ್ಸಳ ರಾಣಿಯದಲ್ಲ.