ಪೌಲನ ಕರೆ ಮತ್ತು ಅಂತಿಯೋಕ್ಯದ ಪಂಕ್ತಿ

ಮುಂದೆ ಪೌಲನೆನಿಸಿಕೊಂಡ ಸೌಲನಿಗೆ ದಮಸ್ಕದ ದಾರಿಯಲ್ಲಿ ಆದದ್ದೇನು? ಪಶ್ಚಿಮದ ಕ್ರೈಸ್ತ ಸಭೆ ಈ ಪ್ರಶ್ನೆಗೆ ಶತಮಾನಗಟ್ಟಲೆ ಕೊಟ್ಟ ಉತ್ತರ ಒಂದೇ: ಪಾಪದ ಭಾರದಲ್ಲಿ ನರಳುತ್ತಿದ್ದವನೊಬ್ಬನ ಮನಃಪರಿವರ್ತನೆ. ಧರ್ಮಶಾಸ್ತ್ರವನ್ನು ಪಾಲಿಸಲು ಹೆಣಗಿ ಸೋತವನು ಕೃಪೆಗೆ ಶರಣಾದ, ಯೆಹೂದ್ಯನಾಗಿದ್ದವನು ಕ್ರೈಸ್ತನಾದ. ಪ್ರಸಂಗಪೀಠದಿಂದ ನಾವು ಇಂದಿಗೂ ಕೇಳುವುದು ಈ ಕಥೆಯನ್ನೇ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೆಲವು ವಿದ್ವಾಂಸರು ಈ ಕಥೆಯ ಬುಡವನ್ನೇ ಅಲುಗಾಡಿಸಿದರು. ಅವರು ಮಾಡಿದ್ದು ದೊಡ್ಡ ಕೆಲಸ. ಆದರೆ ಅರ್ಧಕ್ಕೆ ನಿಂತ ಕೆಲಸ ಎಂಬುದು ನನ್ನ ಅಭಿಪ್ರಾಯ.

ಹಳೆಯ ಓದಿಗೆ ಇಬ್ಬರು ಮಹಾನುಭಾವರ ಬದುಕೇ ಆಧಾರ. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಕಣ್ಣೀರಿಡುತ್ತಾ ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ತೆರೆದ ಅಗಸ್ಟೀನ್ ಒಬ್ಬ. ಎಷ್ಟು ಪಾಪನಿವೇದನೆ ಮಾಡಿದರೂ ಮನಸ್ಸು ಹಗುರವಾಗದೆ ಒದ್ದಾಡಿದ ಸನ್ಯಾಸಿ ಮಾರ್ಟಿನ್ ಲೂಥರ್ ಇನ್ನೊಬ್ಬ. ಇಬ್ಬರಿಗೂ ಪೌಲನಲ್ಲಿ ತಮ್ಮದೇ ಮುಖ ಕಂಡಿತು. ಅವರ ಸಂಕಟ ನಿಜ, ಅವರಿಗೆ ಸಿಕ್ಕ ನೆಮ್ಮದಿಯೂ ನಿಜ. ಆದರೆ ಆ ಸಂಕಟ ಪೌಲನದಾಗಿತ್ತೇ? 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಕೂಡ ಅಂತರಂಗದ ಪುನರ್ಜನ್ಮಕ್ಕೆ ಒತ್ತು ಕೊಡುತ್ತಿದ್ದ ಜರ್ಮನ್ ಭಕ್ತಿಪಂಥದ ಕೂಸು. ಹಾಗಾಗಿ ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವವರ ಮಾತಿನ ಧಾಟಿಯಲ್ಲೂ ಈ ಓದು ಉಳಿದುಕೊಂಡಿದೆ.

ಆ ಸಂಕಟ ಪೌಲನದಾಗಿತ್ತೇ ಎಂಬ ಪ್ರಶ್ನೆಯನ್ನೇ ಎತ್ತಿದವರು ಸ್ವೀಡನ್ನಿನ ವಿದ್ವಾಂಸ ಕ್ರಿಸ್ಟರ್ ಸ್ಟೆಂಡಾಲ್. ಪಶ್ಚಿಮದವರು ತಮ್ಮ ಅಂತರ್ಮುಖಿ ಮನಸ್ಸಾಕ್ಷಿಯನ್ನು ಪೌಲನ ಮೇಲೆ ಹೇರಿದ್ದಾರೆ ಎಂದು 1963ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ವಾದಿಸಿದರು. ಅವರು ತೋರಿಸಿದ ಪುರಾವೆ ಎಲ್ಲರ ಕಣ್ಣೆದುರೇ ಇತ್ತು. ಫಿಲಿಪ್ಪಿಯವರಿಗೆ ಬರೆಯುವಾಗ ಪೌಲ ತನ್ನ ಹಿಂದಿನ ಬದುಕನ್ನು ನೆನೆದು, ಧರ್ಮಶಾಸ್ತ್ರದ ಮಟ್ಟಿಗೆ ತಾನು ನಿರ್ದೋಷಿಯಾಗಿದ್ದೆ ಎನ್ನುತ್ತಾನೆ. ಸೋತು ಸುಣ್ಣವಾದವನು ಆಡುವ ಮಾತಲ್ಲ ಅದು. ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯದ ನರಳಾಟ ಪೌಲನ ಆತ್ಮಕಥೆಯಲ್ಲ ಎಂದು ಜರ್ಮನಿಯ ಕ್ಯುಮ್ಮೆಲ್ 1929ರಲ್ಲೇ ವಾದಿಸಿದ್ದರು. ಗಲಾತ್ಯದವರಿಗೆ ತನ್ನ ಅನುಭವ ಹೇಳುವಾಗಲಂತೂ ಪೌಲ, ತಾಯಿಯ ಗರ್ಭದಲ್ಲಿರುವಾಗಲೇ ದೇವರು ತನ್ನನ್ನು ಪ್ರತ್ಯೇಕಿಸಿ ಕರೆದನೆಂದು ಯೆರೆಮೀಯ ಮತ್ತು ಯೆಶಾಯರ ಧಾಟಿಯಲ್ಲಿ ಹೇಳುತ್ತಾನೆ. ಪ್ರವಾದಿಗಳು ಧರ್ಮ ಬಿಟ್ಟು ಧರ್ಮ ಸೇರಿದವರಲ್ಲ. ಒಂದು ಕೆಲಸಕ್ಕೆ ಕರೆ ಪಡೆದವರು. ಪೌಲನೂ ಹಾಗೆಯೇ, ಅನ್ಯಜನರ ಬಳಿಗೆ ಹೋಗಲು ಇಸ್ರಾಯೇಲಿನ ದೇವರಿಂದಲೇ ಕರೆಯಲ್ಪಟ್ಟವನು ಎಂದರು ಸ್ಟೆಂಡಾಲ್.

1977ರಲ್ಲಿ ಇ. ಪಿ. ಸ್ಯಾಂಡರ್ಸ್ ಆ ಕಾಲದ ಯೆಹೂದಿ ಗ್ರಂಥಗಳನ್ನು ವಿಸ್ತಾರವಾಗಿ ಪರಿಶೀಲಿಸಿ, ಯೆಹೂದಿ ಧರ್ಮ ಪುಣ್ಯದ ಲೆಕ್ಕವಿಡುವ ಧರ್ಮವಾಗಿರಲಿಲ್ಲ, ಕೃಪೆಯ ಒಡಂಬಡಿಕೆಯಲ್ಲೇ ಬೇರೂರಿತ್ತು ಎಂದು ತೋರಿಸಿದರು. 1982ರಲ್ಲಿ ಜೇಮ್ಸ್ ಡನ್ ಈ ಓದಿಗೆ 'ಹೊಸ ದೃಷ್ಟಿ' ಎಂಬ ಹೆಸರನ್ನು ಗಟ್ಟಿಗೊಳಿಸಿದರು. ಇದು ಬರೀ ಪಂಡಿತರ ಜಗಳವಲ್ಲ. ಯೆಹೂದ್ಯರೆಂದರೆ ಕೃಪೆಯನ್ನರಿಯದ ಕರ್ಮಠರು ಎಂಬ ಚಿತ್ರ ಯೂರೋಪಿನಲ್ಲಿ ಎಂಥ ದ್ವೇಷಕ್ಕೆ ನೀರೆರೆಯಿತು ಎಂಬುದು ಚರಿತ್ರೆಯಲ್ಲಿದೆ. ಲೂಥರ್ ತಾನೇ 1543ರಲ್ಲಿ ಯೆಹೂದ್ಯರ ವಿರುದ್ಧ ಬರೆದ ಹೊತ್ತಗೆ ಓದಿದರೆ ಮೈ ನಡುಗುತ್ತದೆ. ವೇದವಾಕ್ಯದ ತಪ್ಪು ಓದಿಗೆ ಬೇರೆಯವರು ಬೆಲೆ ತೆತ್ತಿದ್ದಾರೆ. ಇದನ್ನು ತಿದ್ದಲು ಹೊರಟಿದ್ದಕ್ಕಾಗಿಯೇ ಈ ಪಂಥಕ್ಕೆ ನಾವು ಋಣಿಗಳು.

ಹಾಗಿದ್ದೂ ಕರೆಯೋ ಪರಿವರ್ತನೆಯೋ ಎಂದು ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಿ ಎನ್ನುವ ಸ್ಟೆಂಡಾಲರ ಹಟವನ್ನು ನಾನು ಒಪ್ಪಲಾರೆ. ನಿರ್ದೋಷಿಯಾಗಿದ್ದೆ ಎಂದ ಅದೇ ಅಧ್ಯಾಯದಲ್ಲಿ ಪೌಲ, ಹಿಂದೆ ಲಾಭವೆಂದುಕೊಂಡದ್ದೆಲ್ಲ ಈಗ ಕಸ ಎನ್ನುತ್ತಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ, ದೇವರ ಸಭೆಯನ್ನು ಹಿಂಸೆಪಡಿಸಿದ್ದರಿಂದ ಅಪೊಸ್ತಲನೆನಿಸಿಕೊಳ್ಳಲು ತಾನು ಯೋಗ್ಯನಲ್ಲ ಎನ್ನುತ್ತಾನೆ. ಅವನಲ್ಲಿ ಪಶ್ಚಾತ್ತಾಪ ಇತ್ತು. ಶಾಸ್ತ್ರ ಪಾಲಿಸಲಾಗಲಿಲ್ಲವಲ್ಲ ಎಂಬ ಪಶ್ಚಾತ್ತಾಪವಲ್ಲ ಅದು, ಶಾಸ್ತ್ರದ ಹುರುಪಿನಲ್ಲೇ ಜನರನ್ನು ಸೆರೆಗೆ ಎಳೆಸಿದೆನಲ್ಲ ಎಂಬುದು. ಈ ವ್ಯತ್ಯಾಸ ಹಳೆಯವರಿಗೂ ಕಾಣಲಿಲ್ಲ, ಹೊಸಬರೂ ಇದಕ್ಕೆ ತಕ್ಕ ತೂಕ ಕೊಡಲಿಲ್ಲ. 1990ರಲ್ಲಿ ಯೆಹೂದಿ ವಿದ್ವಾಂಸ ಆಲನ್ ಸೀಗಲ್ ಪೌಲನನ್ನು ಮತ್ತೆ ಪರಿವರ್ತಿತನೆಂದೇ ಕರೆದರು. ಯೆಹೂದಿ ಧರ್ಮದೊಳಗೇ ಒಂದು ಬಳಗದಿಂದ ಇನ್ನೊಂದು ಬಳಗಕ್ಕೆ ದಾಟಿದವನು ಎಂಬ ಅರ್ಥದಲ್ಲಿ. ನನಗೆ ಇದೇ ಹೆಚ್ಚು ಸರಿಯೆನಿಸುತ್ತದೆ.

ಎರಡೂ ಪಂಥಗಳು ಹಾರಿಸಿ ಓದುವ ಒಬ್ಬ ಮನುಷ್ಯನಿದ್ದಾನೆ: ದಮಸ್ಕದ ವಿಶ್ವಾಸಿ ಅನನೀಯ. ಅಪೊಸ್ತಲರ ಕೃತ್ಯಗಳಲ್ಲಿ ದಮಸ್ಕದ ಪ್ರಸಂಗ ಮೂರು ಸಲ ಬರುತ್ತದೆ. ಒಂಬತ್ತನೆಯ ಅಧ್ಯಾಯದಲ್ಲಿ ಸೌಲನಿಗೆ ದಾರಿಯಲ್ಲಿ ಸಿಗುವುದು ಊರೊಳಗೆ ಹೋಗು ಎಂಬ ಅಪ್ಪಣೆ ಮಾತ್ರ. ಮೂರು ದಿನ ಕಣ್ಣು ಕಾಣದೆ, ಅನ್ನ ನೀರಿಲ್ಲದೆ ಅವನು ಯೂದನೆಂಬವನ ಮನೆಯಲ್ಲಿ ಬಿದ್ದಿರುತ್ತಾನೆ. ಕರ್ತನೇ ಹೋಗೆಂದರೂ ಅಲ್ಲಿಗೆ ಹೋಗಲು ಅನನೀಯನಿಗೆ ಹೆದರಿಕೆ. ಈ ಮನುಷ್ಯ ಮಾಡಿದ ಕೇಡೆಲ್ಲ ನನಗೆ ಗೊತ್ತು ಎಂದು ಕರ್ತನೊಂದಿಗೇ ವಾದಿಸುತ್ತಾನೆ. ಕೊನೆಗೆ ಹೋಗಿ, ಅವನ ಮೇಲೆ ಕೈಯಿಟ್ಟು, ಸಹೋದರನೇ ಎನ್ನುತ್ತಾನೆ. ತಮ್ಮನ್ನು ಹಿಡಿದುಕೊಂಡು ಹೋಗಲು ಬಂದವನನ್ನು! ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಪೌಲ ಯೆರೂಸಲೇಮಿನ ಜನರೆದುರು ಮಾತಾಡುವಾಗ, ಅನನೀಯ ಶಾಸ್ತ್ರನಿಷ್ಠನೆಂದು ಹೆಸರಾದವನು, ಸಾಕ್ಷಿಯಾಗಬೇಕೆಂಬ ಕರೆ ಬಂದದ್ದು ಅವನ ಬಾಯಿಂದ. ಇಪ್ಪತ್ತಾರನೆಯ ಅಧ್ಯಾಯದಲ್ಲಿ, ಅಗ್ರಿಪ್ಪ ರಾಜನೆದುರು, ಅನನೀಯನೂ ಇಲ್ಲ, ಕುರುಡುತನವೂ ಇಲ್ಲ. ಎಲ್ಲವನ್ನೂ ಯೇಸು ದಾರಿಯಲ್ಲೇ ಹೇಳಿಬಿಡುತ್ತಾನೆ.

ಒಂದೇ ಪುಸ್ತಕ, ಮೂರು ಬಗೆ. ಗಲಾತ್ಯದವರಿಗೆ ಬರೆಯುವಾಗ ಪೌಲ ಇನ್ನೂ ಮುಂದೆ ಹೋಗಿ, ತಾನು ಯಾವ ಮನುಷ್ಯನ ಬಳಿಯೂ ವಿಚಾರಿಸಲಿಲ್ಲ, ಅರೇಬಿಯಾಕ್ಕೆ ಹೋದೆ, ಮೂರು ವರ್ಷದ ಮೇಲೆ ಯೆರೂಸಲೇಮಿನಲ್ಲಿ ಕೇಫನ, ಅಂದರೆ ಪೇತ್ರನ, ಜೊತೆ ಹದಿನೈದು ದಿನ ಇದ್ದೆನಷ್ಟೇ ಎನ್ನುತ್ತಾನೆ. ಅವನ ಅಧಿಕಾರವನ್ನೇ ಪ್ರಶ್ನಿಸುತ್ತಿದ್ದವರಿಗೆ ಕೊಟ್ಟ ಉತ್ತರವದು. ಅಲ್ಲಿರುವುದು ದಿನಚರಿಯಲ್ಲ, ವಾದ. ಆದಿಸಭೆ ಕರೆಯ ಕಥೆಯನ್ನು ಕೇಳುವವರಿಗೆ ತಕ್ಕಂತೆ ಹೇಳಿಕೊಂಡಿತು. ಅಪೊಸ್ತಲರ ಕೃತ್ಯಗಳನ್ನು ಬರೆದ ಲೂಕನಂತೂ ಅದನ್ನು ಹೆದರುತ್ತಲೇ ಬಂದ ಒಬ್ಬ ವಿಶ್ವಾಸಿಯ ಕೈಯಿಂದ ದೃಢಪಡಿಸಿದ. ಕರೆಯೆಂದರೆ ಒಬ್ಬನ ಅಂತರಂಗದ ಗುಟ್ಟು ಎಂಬ ಓದಿಗೆ ಇಲ್ಲಿ ಆಧಾರ ಸಿಗುವುದಿಲ್ಲ.

ಡನ್ ಅವರ ನಿಜವಾದ ಕೊಡುಗೆ ಇರುವುದು ಗಲಾತ್ಯದವರಿಗೆ ಬರೆದ ಅದೇ ಪತ್ರಿಕೆಯಲ್ಲಿ ಬರುವ ಅಂತಿಯೋಕ್ಯದ ಪ್ರಸಂಗವನ್ನು ನಡುಮನೆಗೆ ತಂದದ್ದರಲ್ಲಿ. ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ ಕೇಫ, ಯೆರೂಸಲೇಮಿನ ಸಭೆಯ ಯಾಕೋಬನ ಕಡೆಯವರು ಬಂದೊಡನೆ ಎದ್ದು ಬೇರೆ ಕೂತ. ಉಳಿದ ಯೆಹೂದ್ಯರೂ ಅವನ ಹಿಂದೆ ಹೋದರು, ಪೌಲನ ಜೊತೆಗಾರ, ಬಾರ್ನಬನಂಥ ಬಾರ್ನಬನೂ ಹೋದ. ಪೌಲ ಎಲ್ಲರೆದುರಿಗೇ ಕೇಫನನ್ನು ತರಾಟೆಗೆ ತೆಗೆದುಕೊಂಡ. ನಂಬಿಕೆಯಿಂದಲೇ ನೀತಿವಂತರೆಂಬ ಪ್ರಖ್ಯಾತ ಮಾತು ಪತ್ರಿಕೆಯಲ್ಲಿ ಬರುವುದು ಈ ಊಟದ ಜಗಳದ ಬೆನ್ನಿಗೇ. ಡನ್ ಹೇಳುವಂತೆ ಸುನ್ನತಿ, ಆಹಾರ, ಸಬ್ಬತ್ತು ಜನರ ನಡುವೆ ಗೆರೆ ಎಳೆಯುವ ಗುರುತುಗಳಾಗಿದ್ದವು. ಪೌಲ ಅಳಿಸಲು ಹೊರಟಿದ್ದು ಆ ಗೆರೆಯನ್ನು. ಪಂಕ್ತಿಭೇದ ಗೊತ್ತಿರುವ ಕನ್ನಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೇಫ ತಿದ್ದಿಕೊಂಡನೇ? ಪತ್ರಿಕೆ ಹೇಳುವುದಿಲ್ಲ. ಗೆದ್ದಿದ್ದರೆ ಪೌಲ ಹೇಳದೆ ಬಿಡುತ್ತಿದ್ದನೇ ಎಂದು ಅನೇಕ ವಿದ್ವಾಂಸರು ಕೇಳಿದ್ದಾರೆ.

ಹೊಸ ದೃಷ್ಟಿ ಇಲ್ಲಿಂದ ಕೊರಿಂಥಕ್ಕೆ ನಡೆಯಬೇಕಿತ್ತು. ಅದರ ಮುಖ್ಯ ಚರ್ಚೆ ಮಾತ್ರ ಗಲಾತ್ಯ ಮತ್ತು ರೋಮಾಪುರಗಳಲ್ಲೇ ಸುತ್ತಿತು. ಯೆಹೂದ್ಯ ಮತ್ತು ಅನ್ಯಜನ ಎಂಬ ಗೆರೆಯೊಂದೇ ಕಣ್ಣಿಗೆ ಬಿತ್ತು. ಕೊರಿಂಥದವರಿಗೆ ಪೌಲ ನೆನಪಿಸುವುದು ಅವರ ಕರೆಯನ್ನು: ನಿಮ್ಮಲ್ಲಿ ಜ್ಞಾನಿಗಳು, ಅಧಿಕಾರವುಳ್ಳವರು, ಕುಲೀನರು ಹೆಚ್ಚು ಮಂದಿಯಿಲ್ಲ ಎಂದು. ಅದೇ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಲ್ಲಿ ಕರ್ತನ ಭೋಜನಕ್ಕೆ ಸೇರಿದಾಗ ಉಳ್ಳವರು ಉಂಡು ಕುಡಿದು ಅಮಲೇರಿರುತ್ತಾರೆ, ಇಲ್ಲದವರು ಹಸಿದು ಕೂತಿರುತ್ತಾರೆ. ಈ ಊಟವನ್ನು ಬಡವ ಬಲ್ಲಿದರ ಬಿಕ್ಕಟ್ಟಾಗಿ ಓದಿದವರು ಗೆರ್ಡ್ ಟೈಸೆನ್, 1970ರ ದಶಕದಲ್ಲಿ. ಪೌಲನ ಕರೆಯ ಚರ್ಚೆ ಮತ್ತು ಈ ಅಧ್ಯಯನ ಒಂದೇ ಕಾಲದಲ್ಲಿ ನಡೆದರೂ ಕೈ ಕೂಡಿಸಿದ್ದು ಕಡಿಮೆ. ಕರೆ ಬಂದದ್ದು ಪೌಲನಿಗೆ ಮಾತ್ರವಲ್ಲ, ಹಸಿದು ಕೂತಿದ್ದ ಆ ಹೆಸರಿಲ್ಲದವರಿಗೂ ಬಂದಿತ್ತು. ಅವರನ್ನು ಬಿಟ್ಟು ಕರೆಯ ದೇವಶಾಸ್ತ್ರ ಕಟ್ಟಿದರೆ ಅದು ಊನವಾಗಿಯೇ ಉಳಿಯುತ್ತದೆ.

ನಮ್ಮ ಸಭಾಪಾಲಕರಲ್ಲಿ, ವೇದಪಾಠ ಕಲಿಸುವವರಲ್ಲಿ ನನ್ನದೊಂದು ವಿನಂತಿ. ದಮಸ್ಕದ ಬಗ್ಗೆ ಪ್ರಸಂಗ ಮಾಡುವ ವಾರ ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೊದಲೆರಡು ಅಧ್ಯಾಯಗಳನ್ನು ಒಟ್ಟಿಗೇ ಓದಿಸಿ, ಕೊರಿಂಥದ ಆ ಹನ್ನೊಂದನೆಯ ಅಧ್ಯಾಯವನ್ನೂ ಜೊತೆಗಿಡಿ. ನಿಮ್ಮ ಸಭೆಯ ಊಟದಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ ಎಂದು ಜನರನ್ನೇ ಕೇಳಿ.