ಅರಿಸಿನ ವೈದ್ಯದ ಖಂಡನೆ

ಜೋಡಿ ಎಸ್‌.ಯು. ಕಾರ್ಬುರೇಟರುಗಳನ್ನು ಒಂದೇ ಶ್ರುತಿಗೆ ತರುವ ವಿಚಾರವನ್ನು ಈ ವಾರ ಮುಗಿಸುವೆನೆಂದು ಮಾತು ಕೊಟ್ಟಿದ್ದೆನಷ್ಟೆ. ಆದರೆ ಭಾನುವಾರ ಬೆಳಗ್ಗೆ ರಾಬರ್ಟ್‌ಸನ್‌ಪೇಟೆಯಿಂದ ಬಂಗಾರಪೇಟೆಗೆ ಹೊರಟ ನನ್ನ ಎಂ.ಜಿ.ಎ. ಕಾರು ನಡುದಾರಿಯಲ್ಲಿ ಹಬೆಯುಗುಳಿ ನಿಂತುಬಿಟ್ಟುದರಿಂದ ಕಾರ್ಬುರೇಟರು ಇನ್ನೊಂದು ವಾರ ಕಾಯಬೇಕಾಗಿದೆ.

ಬಾನೆಟ್ಟು ತೆರೆದೊಡನೆ ನೆರೆದ ವೈದ್ಯರಲ್ಲಿ ಎರಡು ಪಂಥ. ಲಾರಿಯಿಂದಿಳಿದ ಚಾಲಕನೊಬ್ಬನು, “ಒಂದು ಹಿಡಿ ಅರಿಸಿನ ಹಾಕಿ ಸಾರ್, ಮನೆ ಸೇರ್ಕೋತೀರ” ಎಂದನು, ಇನ್ನೊಬ್ಬನು, “ಥರ್ಮೋಸ್ಟಾಟ್ ಕಿತ್ತು ಬಿಸಾಕಿ, ನಮ್ಮೂರಿಗೆ ಅದ್ಯಾಕೆ?” ಎಂದನು. ಈ ಎರಡು ಪಂಥಗಳೊಡನೆ ನನ್ನ ಕಲಹ ಹಳೆಯದು. ಅರಿಸಿನವು ಸೋರುವ ರಂಧ್ರವನ್ನು ಮುಚ್ಚುವುದೇನೋ ನಿಜ. ಆದರೆ ಸೋರದ ರಂಧ್ರ ಯಾವುದೆಂಬ ವಿವೇಕವು ಅದಕ್ಕಿಲ್ಲವಾದ ಕಾರಣ, ರೇಡಿಯೇಟರಿನ ಸಣ್ಣ ನಾಳಗಳೂ ಅದೇ ಕೆಸರಿನಿಂದ ಕಟ್ಟಿಕೊಳ್ಳುತ್ತವೆ. ಥರ್ಮೋಸ್ಟಾಟಿಲ್ಲದ ಎಂಜಿನ್ನು ಬೆಚ್ಚಗಾಗದೆ ಓಡಿ, ಎಣ್ಣೆಯನ್ನು ಕೆಡಿಸಿಕೊಂಡು, ಅಕಾಲದಲ್ಲಿ ಸವೆಯುತ್ತದೆ. ಮೂರು ಕಿಲೋಮೀಟರಿಗೂ ಆಳವಾದ ಚಾಂಪಿಯನ್ ರೀಫ್ ಗಣಿಯೊಳಕ್ಕೆ ತಂಪುಗಾಳಿಯನ್ನು ಇಳಿಸಿದ ಊರಿನವರು ಒಂದು ಬಂಡಿಯ ತಾಪವನ್ನು ಅಡಿಗೆಮನೆಯ ಡಬ್ಬಿಗೆ ಒಪ್ಪಿಸಬಹುದೆ?

ಸೋರಿಕೆಯನ್ನು ಹುಡುಕುವ ಹೊತ್ತು ಎಂಜಿನ್ನು ತಣ್ಣಗಿರುವ ಮುಂಜಾವು. ಬಿಸಿಯಲ್ಲಿ ನೀರು ಆರಿಹೋಗಿ ಸಾಕ್ಷ್ಯ ಅಳಿಯುತ್ತದೆ. ಮರುದಿನ ಟಾರ್ಚು ಹಿಡಿದು ನೋಡಿದಾಗ, ಹೋಸ್ ಪೈಪುಗಳ ಕ್ಲಿಪ್ಪುಗಳೆಲ್ಲ ಒಣಗಿದ್ದು, ವಾಟರ್ ಪಂಪಿನ ಅಡಿಯಲ್ಲಿ ಮಾತ್ರ ಹಂಡೆಯ ಅಂಚಿನ ಸುಣ್ಣದ ಕಲೆಯಂತಹ ಬಿಳಿಯ ಗೆರೆಯೊಂದು ಇಳಿದಿದ್ದಿತು. ಪಂಪಿನ ಒಡಲಲ್ಲಿ ಕಡಲೆಕಾಳಿಗಿಂತ ಕಿರಿದಾದ ತೂತೊಂದುಂಟು: ಸೀಲು ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಬಿದ್ದು ಯಜಮಾನನನ್ನು ಎಚ್ಚರಿಸಲೆಂದೇ ಕೊರೆದದ್ದು. ಹಿಂದಿನ ಯಾವನೋ ಪುಣ್ಯಾತ್ಮನು ಅದನ್ನು ಎಂ-ಸೀಲಿನಿಂದ ಮುಚ್ಚಿದ್ದನು! ದೂರು ಹೇಳುವ ಬಾಯಿಯನ್ನೇ ಕಟ್ಟಿಸಿಕೊಂಡ ನೀರು ಬೇರಿಂಗನ್ನು ತಿಂದು, ಕೊನೆಗೆ ಎಂ-ಸೀಲನ್ನೂ ಬಿರಿಸಿ ಇಳಿದಿತ್ತು.

ಆರಂಭದ ಎಂ.ಜಿ.ಎ.ಯ 1489 ಸಿ.ಸಿ. ಎಂಜಿನ್ನೂ 1959ರಲ್ಲಿ ಅಂಬಾಸಿಡರಿಗೆ ಬಂದ ಎಂಜಿನ್ನೂ ಒಂದೇ ವಂಶದವಾದುದರಿಂದ ಬಿಡಿಭಾಗದ ಚಿಂತೆ ಬಹಳವಿಲ್ಲ. ಪಂಪಿನ ಮಾತು ಇಷ್ಟೇ.

ಹೇಳಬೇಕಾದುದು ನೀರಿನ ವಿಷಯ. ಬಂಗಾರಪೇಟೆ ಇನ್ನೂ ಬೌರಿಂಗ್‌ಪೇಟೆಯಾಗಿದ್ದ ದಿನಗಳಲ್ಲಿ, 1913ರಲ್ಲಿ ಕೋಲಾರಕ್ಕೆ ಎರಡೂವರೆ ಅಡಿ ಅಗಲದ ಪುಟ್ಟ ರೈಲು ಓಡತೊಡಗಿತು. ಹಬೆಯ ಎಂಜಿನ್ನುಗಳನ್ನು ಸಾಕಿದವರಿಗೆ ಬಾಯ್ಲರಿನ ಪರಮಶತ್ರು ಬೆಂಕಿಯಲ್ಲ, ಗಡಸು ನೀರೆಂಬುದು ತಿಳಿದಿದ್ದಿತು. ಆದುದರಿಂದಲೇ ನಿಯತಕಾಲಕ್ಕೆ ಬಾಯ್ಲರನ್ನು ಆರಿಸಿ, ಒಳಗೆ ಕಟ್ಟಿದ ಸುಣ್ಣವನ್ನು ತೊಳೆದು ತೆಗೆಯುವುದು ರೈಲಿನವರಿಗೆ ಸಂಧ್ಯಾವಂದನೆಯಷ್ಟೇ ನಿಷ್ಠೆಯ ಕರ್ಮವಾಗಿದ್ದಿತು. ನಾವಾದರೋ ನೂರಾರು ಅಡಿ ಆಳದ ಕೊಳವೆಬಾವಿಯ ನೀರನ್ನು ರೇಡಿಯೇಟರಿಗೆ ಸುರಿದು, ಎಂಜಿನ್ನು ಕಾಯ್ದಾಗ ಕಂಪನಿಯನ್ನು ಬಯ್ಯುತ್ತೇವೆ. ಸುಣ್ಣದ ಪದರವು ಕಾವನ್ನು ಹೊರಬಿಡದು. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದ ನಮ್ಮ ಸೀಮೆಯಲ್ಲಿ ತೆರೆದ ನೀರು 97 ಡಿಗ್ರಿಗೇ ಕುದಿಯುವುದು. ಅದನ್ನು ಮೀರಿಸುವುದಕ್ಕೆ ಮುಚ್ಚಳದ ಒತ್ತಡವೊಂದೇ ಆಧಾರ, ಮುಚ್ಚಳದ ರಬ್ಬರು ಸತ್ತಿದ್ದರೆ ಅದೂ ಇಲ್ಲ.

ಹಿಮವಿಲ್ಲದ ಊರಿಗೆ ಕೂಲೆಂಟೇಕೆಂದು ಕೇಳುವವರು ಅದರಲ್ಲಿ ತುಕ್ಕನ್ನು ತಡೆಯುವ ಔಷಧವೂ ಇದೆಯೆಂಬುದನ್ನು ಮರೆಯದಿರಲಿ. ಅದಕ್ಕೆ ಬೆರೆಸುವ ನೀರು ಬಟ್ಟಿಯಿಳಿಸಿದ್ದಾದರೆ ಉತ್ತಮ, ಮಳೆಯದ್ದಾದರೆ ಮಧ್ಯಮ, ನಲ್ಲಿಯದ್ದು ಅಧಮ. ಮೊದಲ ಮಳೆಯನ್ನು ಮಾತ್ರ ಹಿಡಿಯಬೇಡಿರಿ, ಗಣಿಯ ಸೈನೈಡ್ ದಿಬ್ಬಗಳ ಧೂಳೆಲ್ಲ ಸೂರಿನಿಂದ ಇಳಿಯುವುದು ಆಗಲೇ. ಎರಡನೆಯದೋ ಮೂರನೆಯದೋ ಮಳೆಯಲ್ಲಿ ಸೂರಿನ ಕೆಳಗೊಂದು ಬಕೆಟ್ಟನ್ನು ಇಡಿರಿ, ಎಂ.ಜಿ.ಎ.ಗೆ ಅಷ್ಟು ಸಾಕು.