ಮೊಸಳೆಯೂ ಜೋಕುಮಾರನೂ

ಬೀದಿಯಲ್ಲಿ ನಿಲ್ಲುವ ಶಿಲ್ಪವು ಜೀವಂತವೆಂಬ ಭ್ರಮೆಯನ್ನು ಹುಟ್ಟಿಸಿದರಷ್ಟೇ ಸಾಲದು. ಕಂಡವನು ಏನನ್ನಾದರೂ ಮಾಡದೆ ಮುಂದಕ್ಕೆ ಹೋಗಲಾರದಂತೆ ಅದು ಅವನನ್ನು ತಡೆದು ನಿಲ್ಲಿಸಬೇಕು. ಈ ಒರೆಗಲ್ಲಿಗೆ ಹಚ್ಚಿ ನೋಡತಕ್ಕ ಕೃತಿಗಳಲ್ಲಿ, ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು 2015ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ಇರಿಸಿದ ಮೊಸಳೆಯು ಅಗ್ರಗಣ್ಯವಾದುದು. ಸುಮಾರು 12 ಅಡಿ ಉದ್ದಕ್ಕೆ ಬಾಯ್ದೆರೆದಿದ್ದ ಗುಂಡಿಯನ್ನು ಬಣ್ಣದಿಂದ ಹಸುರು ಕೊಳವಾಗಿ ಮಾರ್ಪಡಿಸಿ, ಅದರಲ್ಲಿ ಸುಮಾರು 20 ಕಿಲೋ ತೂಕದ ಫೈಬರ್ ಮೊಸಳೆಯನ್ನು ಮಲಗಿಸಿದಾಗ, ದಿನವೂ ಆ ಗುಂಡಿಯನ್ನು ಬಳಸಿ ನಡೆಯುತ್ತ ಅದನ್ನು ಕಾಣುವುದನ್ನೇ ಮರೆತಿದ್ದ ಜನರು ನಿಂತು ನೋಡಿದರು. ಪಾಲಿಕೆಯವರು ಬಂದು ಗುಂಡಿಯನ್ನು ಮುಚ್ಚಿದರು. ಮುಚ್ಚಿದೊಡನೆ ಕೃತಿಯು ಪೂರ್ಣವೂ ಆಯಿತು, ಇಲ್ಲವೂ ಆಯಿತು.

ಹೀಗೆ ಮುಗಿಯುವುದಕ್ಕಾಗಿಯೇ ಹುಟ್ಟುವ ಕಲೆ ನಮ್ಮ ಸೀಮೆಗೆ ಹೊಸದಲ್ಲ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳ ಕಡೆ ಭಾದ್ರಪದ ಶುದ್ಧ ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಗೆ ಅಳಿಯುವ ಜನಪದ ದೈವ ಜೋಕುಮಾರನೇ ಅದಕ್ಕೆ ನಿದರ್ಶನ. ಅಗಲವಾದ ಮುಖ, ಅರಳಿದ ಕಣ್ಣು, ತೆರೆದ ಬಾಯಿಗಳುಳ್ಳ ಆ ಹಸಿಮಣ್ಣಿನ ಮೂರ್ತಿಯು, ಬೇವಿನ ಸೊಪ್ಪು ಹಾಸಿದ ಬುಟ್ಟಿಯಲ್ಲಿ ಕುಳಿತು, ಹಾಡುತ್ತ ಬರುವ ಹೆಂಗಸರ ತಲೆಯ ಮೇಲಿಂದ ಅಂಗಳಕ್ಕೆ ಇಳಿದಾಗ, ಮನೆಯೊಡತಿಯು ಮೊರದಲ್ಲಿ ಜೋಳವನ್ನು ತಂದು ನೀಡಿ, ಅವನ ತುಟಿಗೆ ಬೆಣ್ಣೆಯನ್ನು ಬಳಿಯುವಳು. ಮನೆಮನೆಯ ಬೆಣ್ಣೆ ಕೂಡಿ ಮಣ್ಣಿನ ಬಾಯಿ ಮಿರುಗತೊಡಗುವುದು. ಮೂರ್ತಿಯನ್ನು ಮಾಡಿದವರ ಕೈ ಬಿಟ್ಟ ಮೇಲೆ ಅದನ್ನು ಬೆಳೆಯಿಸಿದವರು ಊರಿನವರೇ ಎಂಬುದಕ್ಕೆ ಆ ಜಿಡ್ಡಿನ ಹೊಳಪೇ ಸಾಕ್ಷಿ.

ಅದೇ ಒರೆಗಲ್ಲಿಗೆ ನಂಜುಂಡಸ್ವಾಮಿಯವರ ಇನ್ನೊಂದು ಕೃತಿಯನ್ನೂ ಹಚ್ಚಿ ನೋಡಬಹುದು. 2019ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೇರೋಹಳ್ಳಿಯ ಹಾಳುಬಿದ್ದ ರಸ್ತೆಯ ಮೇಲೆ ನಟ ಪೂರ್ಣಚಂದ್ರ ಮೈಸೂರು ಅವರನ್ನು ಗಗನಯಾತ್ರಿಯ ವೇಷದಲ್ಲಿ ನಡೆಯಿಸಿ ಅವರು ತೆಗೆಯಿಸಿದ ವಿಡಿಯೋ ಲೋಕಪ್ರಸಿದ್ಧವಾಯಿತು. ಚಂದ್ರನೆಂದು ನಂಬಿದ ನೆಲದ ಮೇಲೆ ಆಟೋರಿಕ್ಷಾ ಹಾದುಹೋಗುವ ಕ್ಷಣವು ಚಮತ್ಕಾರಪೂರ್ಣವೆಂಬುದು ನಿಜ. ಆದರೆ ಅದಕ್ಕೆ ಬೇಕಾದವನು ಪರದೆಯ ಮುಂದೆ ಕುಳಿತ ನೋಡುಗನೇ ಹೊರತು ಆ ಬೀದಿಯ ನಿವಾಸಿಯಲ್ಲವಾದುದರಿಂದ, ಮೊಸಳೆಗಿಂತ ಅದು ಒಂದು ಮೆಟ್ಟಿಲು ಕೆಳಗೇ ನಿಲ್ಲುತ್ತದೆ.

ಜೋಕುಮಾರನಿಗೂ ಮಿತಿಯುಂಟು. ಬುಟ್ಟಿಯ ಭಾರವು ಗಂಗಾಮತಸ್ಥರೇ ಮೊದಲಾದ ಕೆಲವು ಸಮುದಾಯಗಳ ಹೆಂಗಸರ ತಲೆಗೆ ಮೀಸಲಾಗಿ, ಉಳಿದವರು ನೀಡುವವರಾಗಿಯೇ ಉಳಿದರು. ಜಾತಿಯನ್ನು ಕೇಳದೆ ದಾರಿಹೋಕರೆಲ್ಲರನ್ನೂ ಸಮನಾಗಿ ನಿಲ್ಲಿಸಿದುದು ಮೊಸಳೆಯ ಹಿರಿಮೆ. ನೋಡಿದವನ ಕೈಗೆ ಕೆಲಸವನ್ನು ಕೊಡದೆ ಎಲ್ಲವನ್ನೂ ಪಾಲಿಕೆಗೆ ಬಿಟ್ಟುದು ಅದರ ಕೊರತೆ. ಸರ್ವರನ್ನೂ ಕರೆಯುವ ಮೊಸಳೆಯ ಔದಾರ್ಯವನ್ನೂ, ಬಂದವರ ಕೈಯನ್ನು ಮೂರ್ತಿಗೆ ತಾಗಿಸುವ ಜೋಕುಮಾರನ ವಿದ್ಯೆಯನ್ನೂ ಒಂದೇ ಕೃತಿಯಲ್ಲಿ ಕೂಡಿಸುವ ಕಲಾವಿದನು ನಮ್ಮ ತಾಲ್ಲೂಕುಗಳಲ್ಲಿಯೇ ಹುಟ್ಟಬೇಕು. ಅವನಿಗೆ ಬೇಕಾದ ಅರ್ಧ ಪಾಠ ಇಲ್ಲಿಯ ಅಂಗಳಗಳಲ್ಲಿ ಪ್ರತಿವರ್ಷವೂ ನಡೆಯುತ್ತಿದೆ.